ಗಾಳಿಯ ಲೆಕ್ಕವನ್ನು ತಾಳೆ ನೋಡಿದವರು: ಪ್ರೊಫೆಸರ್ ಸತೀಶ ಧವನರು

ರಾಜ್ಯೋತ್ಸವದ ಸಂಚಿಕೆಯೆಂದರೆ ಪಂಪ ರನ್ನರನ್ನೂ, ಪುಲಿಕೇಶಿ ಕೃಷ್ಣದೇವರಾಯರನ್ನೂ, ಆಲೂರ ವೆಂಕಟರಾಯರಂಥ ಹಿರಿಯರನ್ನೂ ನೆನೆಯುವುದು ನಮ್ಮಲ್ಲಿ ನಡೆದುಬಂದ ರೂಢಿ. ಆ ರೂಢಿ ಒಳ್ಳೆಯದೇ. ಅದು ಮುಂದೆಯೂ ನಡೆಯಲಿ. ಆದರೆ ಕನ್ನಡನಾಡಿನ ಕೀರ್ತಿಯನ್ನು ಬೆಳಸಿದವರೆಲ್ಲರೂ ಕನ್ನಡದ ತೊಟ್ಟಿಲಲ್ಲಿಯೇ ತೂಗಿಸಿಕೊಂಡವರಲ್ಲ. ಎಲ್ಲಿಯೋ ಹುಟ್ಟಿ, ಎಲ್ಲಿಯೋ ಓದಿ, ಬೆಂಗಳೂರಿಗೆ ಬಂದು, ಬಾಳೆಲ್ಲ ಅಲ್ಲಿಯೇ ದುಡಿದು, ಅಲ್ಲಿಯೇ ಕಣ್ಮುಚ್ಚಿದವರೂ ಉಂಟು. ಮಾಜಿವಾಡಾ, ಡೊಂಬಿವಲಿ, ಕಲ್ಯಾಣಗಳಲ್ಲಿ ಮನೆಮಾಡಿಕೊಂಡು ಬೇರೆ ಮಾತಿನ ನೆರೆಹೊರೆಯಲ್ಲಿ ಬಾಳುತ್ತಿರುವ ನಾವು ಅಂಥವರ ಬಾಳನ್ನು ಉಳಿದವರಿಗಿಂತ ತುಸು ಹೆಚ್ಚಾಗಿಯೇ ಅರಿತುಕೊಳ್ಳಬಲ್ಲೆವು. ಆದುದರಿಂದ ಈ ಸಲ ಪ್ರೊಫೆಸರ್ ಸತೀಶ ಧವನರ ಜೀವನವನ್ನು ವಾಚಕರ ಮುಂದಿಡಲು ಮನಸ್ಸು ಮಾಡಿದ್ದೇವೆ.

ನಾವು ವಿಜ್ಞಾನಿಗಳಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ವಿಮಾನಶಾಸ್ತ್ರದ ಪಂಡಿತರ ವಿಷಯ ಬರೆಯಲು ನಮಗೇನು ಅಧಿಕಾರವೆಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಆದರೆ ಧವನರ ಕೆಲಸವನ್ನು ತಿಳಿಯುತ್ತ ಹೋದಂತೆಲ್ಲ ಅದು ನಮ್ಮ ಕಸುಬಿನ ಹಿರಿಯಣ್ಣನೆಂದೇ ನಮಗೆ ತೋರಿತು. ನಮ್ಮ ಕಸುಬಿನಲ್ಲಿ ಇರುವುದು ಮೂರೇ ಮಾತು: ಲೆಕ್ಕ ಬರೆಯುವುದು, ಬರೆದ ಲೆಕ್ಕವನ್ನು ಕೈಯಲ್ಲಿರುವ ಹಣದೊಡನೆ ತಾಳೆ ನೋಡುವುದು, ತಾಳೆಯಾಗದಿದ್ದರೆ ಹೊಣೆ ಹೊರುವುದು. ಈ ಮೂರನ್ನೂ ಧವನರು ಗಾಳಿಯ ವಿಷಯದಲ್ಲಿ ಮಾಡಿದರು. ಅವುಗಳಲ್ಲಿ ಮೂರನೆಯದನ್ನು ಅವರು ಮಾಡಿದ ಬಗೆಯಂತೂ ಎಲ್ಲ ಕಚೇರಿಗಳವರೂ ತಿಳಿದಿರಬೇಕಾದುದು.

ಸತೀಶ ಧವನರು ಹುಟ್ಟಿದುದು 1920ನೆಯ ಇಸವಿ ಸೆಪ್ಟೆಂಬರ್ 25ರಂದು, ಕಾಶ್ಮೀರದ ಶ್ರೀನಗರದಲ್ಲಿ. ವಿದ್ಯಾಭ್ಯಾಸ ಲಾಹೋರಿನ ಪಂಜಾಬ ವಿಶ್ವವಿದ್ಯಾನಿಲಯದಲ್ಲಿ. ಅವರು ಅಲ್ಲಿ ಪಡೆದ ಪದವಿಗಳು ಒಂದಕ್ಕೊಂದು ನಂಟಿಲ್ಲದಂತೆ ಕಾಣುತ್ತವೆ. ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಆಮೇಲೆ 1945ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಬಿ.ಇ. ಪದವಿಯ ತರುವಾಯ ಕೆಲವು ಕಾಲ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಕನ್ನಡನೆಲದೊಡನೆ ಅವರಿಗೆ ಮೊದಲ ಪರಿಚಯವಾದುದು ಹೀಗೆ. 1946ರಲ್ಲಿ ಅವರು ಅಮೆರಿಕೆಗೆ ಹೋದರು. ಅವರು ಅಲ್ಲಿರುವಾಗಲೇ 1947ರ ಆಗಸ್ಟ್ ಬಂದಿತು, ದೇಶ ಎರಡಾಯಿತು, ಅವರಿಗೆ ವಿದ್ಯೆ ಕೊಟ್ಟ ಲಾಹೋರು ಬೇರೊಂದು ದೇಶದ ಪಾಲಾಯಿತು. ಊರು ಬಿಟ್ಟು ಹೊರಟವನು ಒಂದು ದಿನ ಮರಳಿ ಹೋದೇನೆಂಬ ನಂಬಿಕೆಯನ್ನು ಗಂಟುಕಟ್ಟಿಕೊಂಡೇ ಹೊರಡುತ್ತಾನೆ. ಧವನರ ತಲೆಮಾರಿನ ಪಂಜಾಬಿಗಳಿಗೆ ಆ ಗಂಟೂ ಉಳಿಯಲಿಲ್ಲ.

ಅಮೆರಿಕೆಯಲ್ಲಿ ಮೊದಲು ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್. ಮುಗಿಸಿ, ಅಲ್ಲಿಂದ ಕ್ಯಾಲಿಫೋರ್ನಿಯದ ತಂತ್ರವಿಜ್ಞಾನ ಸಂಸ್ಥೆಗೆ, ಅಂದರೆ ಕ್ಯಾಲ್ಟೆಕ್ಕಿಗೆ, ಹೋಗಿ ಹಾನ್ಸ್ ಲೀಪ್‌ಮನ್ ಎಂಬ ವಿದ್ವಾಂಸರ ಶಿಷ್ಯರಾದರು. 1951ರಲ್ಲಿ ಡಾಕ್ಟರೇಟ್ ಪಡೆದರು. ಅವರು ಹಿಡಿದ ವಿಷಯವನ್ನು ಸರಳವಾಗಿ ಹೀಗೆ ಹೇಳಬಹುದು. ವಿಮಾನ ಹಾರುವಾಗ ಅದರ ಮೈಗೆ ತಗಲಿರುವ ಗಾಳಿ ಮೈಗೇ ಅಂಟಿಕೊಂಡಿರುತ್ತದೆ. ತುಸು ಮೇಲಿನ ಗಾಳಿ ಜಾರುತ್ತದೆ. ಇನ್ನೂ ಮೇಲಿನದು ಪೂರ್ಣ ವೇಗದಿಂದ ಸರಿಯುತ್ತದೆ. ಬಾಣಲೆಯನ್ನು ಬಗ್ಗಿಸಿ ಎಣ್ಣೆ ಸುರಿದರೂ ಗೋಡೆಗೆ ಒಂದು ಪದರ ಉಳಿಯುವುದಿಲ್ಲವೆ, ಹಾಗೆಂದು ತಿಳಿಯಿರಿ. ಈ ತೆಳುವಾದ ಪದರವನ್ನು ಸೀಮಾಪದರವೆನ್ನುತ್ತಾರೆ. ಅದರ ಗುಟ್ಟನ್ನು 1904ರಲ್ಲಿ ಬಯಲಿಗೆ ತಂದವರು ಜರ್ಮನಿಯ ಲುಡ್ವಿಗ್ ಪ್ರಾಂಟಲ್. ಈ ಪದರವು ವಿಮಾನದ ಮೈಯನ್ನು ಉಜ್ಜಿ ಹಿಂದಕ್ಕೆ ಎಳೆಯುತ್ತದೆ. ಎಷ್ಟು ಎಳೆಯುತ್ತದೆಂಬುದನ್ನು ಅಲ್ಲಿಯವರೆಗೆ ಬಹುಮಟ್ಟಿಗೆ ಸುತ್ತುಬಳಸಿನಿಂದ, ಬೇರೆ ಅಳತೆಗಳ ಮೂಲಕ ಊಹಿಸುತ್ತಿದ್ದರು. ಧವನರು ಗೋಡೆಯಲ್ಲಿಯೇ ಒಂದು ಚಿಕ್ಕ ತುಂಡನ್ನು ಬೇರ್ಪಡಿಸಿ, ಸುತ್ತಲೂ ಕೂದಲೆಳೆಯಂಥ ಸಂದು ಬಿಟ್ಟು, ಗಾಳಿ ಆ ತುಂಡನ್ನು ಎಳೆದಷ್ಟನ್ನು ನೇರವಾಗಿಯೇ ಅಳೆದರು. ಶಬ್ದಕ್ಕಿಂತ ಕಡಿಮೆ ವೇಗದ ಗಾಳಿಯಲ್ಲಿಯೂ ಹೆಚ್ಚು ವೇಗದ ಗಾಳಿಯಲ್ಲಿಯೂ ಅಳೆದರು. ಅಮೆರಿಕ ಸರ್ಕಾರದ ವಿಮಾನ ಸಂಶೋಧನಾ ಸಮಿತಿ ಈ ಕೆಲಸವನ್ನು 1953ರಲ್ಲಿ ತನ್ನ ವರದಿಯಾಗಿ ಪ್ರಕಟಿಸಿತು. ಪರರ ಪುಸ್ತಕದ ಶಿಲ್ಕನ್ನು ನಂಬದೆ ಪೆಟ್ಟಿಗೆಯ ಬೀಗ ತೆಗೆದು ನಗದನ್ನೇ ಎಣಿಸಿದಂತೆ ಇದು.

ಇಂಥವರಿಗೆ ಅಮೆರಿಕೆಯಲ್ಲಿ ಕೆಲಸ ಸಿಗುವುದೇನೂ ಕಷ್ಟವಾಗಿರಲಿಲ್ಲ. ಆದರೆ 1951ರಲ್ಲಿ ಅವರು ಮರಳಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಬೆಂಗಳೂರಿನ ಜನ ಪ್ರೀತಿಯಿಂದ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಈ ಸಂಸ್ಥೆಗೂ ನಮ್ಮ ಈ ಭಾಗಕ್ಕೂ ಹಳೆಯ ನಂಟು. ಅದರ ಕನಸು ಕಂಡು ಹಣ ಮುಡಿಪಿಟ್ಟವರು ಮುಂಬಯಿಯ ಜಮಶೇಟಜಿ ಟಾಟಾ. ಭೂಮಿ ಕೊಟ್ಟು ನೀರೆರೆದುದು ಮೈಸೂರು ಸಂಸ್ಥಾನ. 1909ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯಲ್ಲಿ 1942ರಲ್ಲಿ ವಿಮಾನಶಾಸ್ತ್ರದ ಶಾಖೆ ತೆರೆಯಿತು. ಅದಕ್ಕೆ ಅಡಿಪಾಯ ಹಾಕಿದವರು ಮಹಾರಾಷ್ಟ್ರದ ವಿಷ್ಣು ಮಾಧವ ಘಾಟಗೆಯವರು. ಪ್ರಾಂಟಲ್ ಮಹಾಶಯರ ಬಳಿಯಲ್ಲಿಯೇ ಕಲಿತು ಬಂದವರು ಅವರು, ಭಾರತದ ಎಚ್.ಟಿ.-2 ತರಬೇತಿ ವಿಮಾನವನ್ನು ರೂಪಿಸಿದವರೂ ಅವರೇ. ಹೀಗೆ ಮುಂಬಯಿಯ ಹಣ, ಮೈಸೂರಿನ ನೆಲ, ಮರಾಠಿ ವಿದ್ವಾಂಸರ ಅಡಿಪಾಯ, ಇವುಗಳ ಮೇಲೆ ಒಬ್ಬ ಪಂಜಾಬಿ ಗೋಡೆ ಎಬ್ಬಿಸತೊಡಗಿದರು. 1955ರಲ್ಲಿ ಧವನರು ಆ ಶಾಖೆಯ ಮುಖ್ಯಸ್ಥರಾದರು. ಮರುವರ್ಷ ನಳಿನಿ ನಿರೋಡಿಯವರ ಕೈಹಿಡಿದರು. ಆಕೆಯೂ ವಿಜ್ಞಾನಿಯೇ. ಕರ್ನಾಟಕವು ಒಂದಾದ 1956ನೆಯ ವರ್ಷ ಧವನರೂ ಬೆಂಗಳೂರಿನಲ್ಲಿ ಗೃಹಸ್ಥರಾದುದು ಒಂದು ಒಳ್ಳೆಯ ಯೋಗಾಯೋಗ.

ಅವರು ಕೈಹಾಕಿದ ಮೊದಲ ಕೆಲಸವೆಂದರೆ ವಾಯುಸುರಂಗಗಳನ್ನು ಕಟ್ಟುವುದು. ವಿಮಾನವನ್ನು ಗಾಳಿಯಲ್ಲಿ ಓಡಿಸಿ ನೋಡುವುದಕ್ಕೆ ಬದಲು ಅದರ ಚಿಕ್ಕ ಮಾದರಿಯನ್ನು ನಿಲ್ಲಿಸಿ, ಗಾಳಿಯನ್ನೇ ಅದರ ಮೇಲೆ ಓಡಿಸುವ ಕೊಳವೆಗೆ ವಾಯುಸುರಂಗವೆಂದು ಹೆಸರು. ಶಬ್ದವನ್ನು ಮೀರಿದ ವೇಗದಲ್ಲಿ ಗಾಳಿ ಹರಿಯುವ ಸುರಂಗವನ್ನು ನಮ್ಮ ದೇಶದಲ್ಲಿ ಮೊದಲು ಕಟ್ಟಿದವರು ಧವನರು. ಗಾತ್ರದಲ್ಲಿ ಅದು ಚಿಕ್ಕದು. ಆದರೆ ಆ ಚಿಕ್ಕ ಕೊಳವೆಯ ಮುಂದೆ ನಿಂತು ಕಲಿತ ತರುಣರು ಮುಂದೆ ದೇಶದ ದೊಡ್ಡ ಪ್ರಯೋಗಶಾಲೆಗಳನ್ನು ನಡೆಸಿದರು. 1967ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ ನಾಲ್ಕು ಅಡಿ ಅಗಲದ ದೊಡ್ಡ ಸುರಂಗ ಸಿದ್ಧವಾಯಿತು. ಅದಕ್ಕೆ ಬೇಕಾದ ಅನುಭವದ ಬೀಜ ಮೊಳೆತುದು ಈ ಚಿಕ್ಕ ಸುರಂಗದಲ್ಲಿಯೇ.

ಇನ್ನು ಲೆಕ್ಕದ ಮಾತು. ಗಾಳಿ ಹೇಗೆ ಹರಿಯಬೇಕೆಂಬ ನಿಯಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಫ್ರಾನ್ಸಿನ ನೇವಿಯೆ ಮತ್ತು ಇಂಗ್ಲೆಂಡಿನ ಸ್ಟೋಕ್ಸ್ ಸಮೀಕರಣಗಳಾಗಿ ಬರೆದಿಟ್ಟಿದ್ದರು. ನಿಯಮವಿದ್ದರೂ ಅದನ್ನು ಬಿಡಿಸುವುದು ಮನುಷ್ಯರ ಕೈಲಾಗುವಂತಿರಲಿಲ್ಲ. ಆಗ ಹೊಳೆದ ಉಪಾಯವು ನಮ್ಮಂಥ ಗುಮಾಸ್ತರಿಗೆ ಚಿರಪರಿಚಿತವಾದುದು. ಗಾಳಿ ತುಂಬಿದ ಜಾಗವನ್ನು ಸಾವಿರಾರು ಚಿಕ್ಕ ಮನೆಗಳಾಗಿ ವಿಭಾಗಿಸುವುದು. ಒಂದೊಂದು ಮನೆಯೂ ಒಂದೊಂದು ಖಾತೆ. ಆರಂಭದ ಶಿಲ್ಕು ಇಷ್ಟು, ಒಳಗೆ ಬಂದ ಗಾಳಿ ಇಷ್ಟು, ಹೊರಗೆ ಹೋದುದು ಇಷ್ಟು, ಉಳಿದ ಶಿಲ್ಕು ಇಷ್ಟು. ಒಂದು ಖಾತೆಯಲ್ಲಿ ಖರ್ಚು ಬಿದ್ದುದು ನೆರೆಯ ಖಾತೆಯಲ್ಲಿ ಜಮೆಯಾಗಲೇಬೇಕು. ನಡುವೆ ಒಂದು ಕಾಸೂ ಕಾಣೆಯಾಗುವಂತಿಲ್ಲ. ಗಾಳಿಯ ತೂಕಕ್ಕೆ ಒಂದು ಲೆಕ್ಕ, ವೇಗದ ರಭಸಕ್ಕೆ ಒಂದು, ಶಕ್ತಿಗೆ ಒಂದು. ಹೀಗೆ ಕ್ಷಣಕ್ಷಣಕ್ಕೂ ಎಲ್ಲ ಖಾತೆಗಳನ್ನೂ ಬರೆಯುತ್ತ ಹೋದರೆ ಗಾಳಿಯ ಚಿತ್ರ ತಾನಾಗಿ ಮೂಡುತ್ತದೆ. ಇಂದು ಗಣಕಯಂತ್ರದಿಂದ ನಡೆಯುವ ಪ್ರವಾಹಶಾಸ್ತ್ರದ ಹುರುಳು ಇಷ್ಟೇ.

ಇದನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿ ನೋಡಿದವರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳ ಗಾಡಿ ನಡೆಸುತ್ತಲೇ ಅವರು ಯೂರೋಪಿನ ಒಂದು ದಿನದ ಹವೆಯನ್ನು ಕೈಯಿಂದ ಲೆಕ್ಕ ಹಾಕಿದರು. ಅರುವತ್ತನಾಲ್ಕು ಸಾವಿರ ಗುಮಾಸ್ತರು ಒಂದು ದೊಡ್ಡ ಮಂದಿರದಲ್ಲಿ ಕುಳಿತು ಲೋಕದ ಹವೆಯನ್ನೆಲ್ಲ ಲೆಕ್ಕ ಹಾಕುವ ಕನಸನ್ನೂ ತಮ್ಮ 1922ರ ಪುಸ್ತಕದಲ್ಲಿ ಬರೆದರು. ಆದರೆ ಅವರ ಲೆಕ್ಕ ಹೇಳಿದುದು ಆರು ಗಂಟೆಯಲ್ಲಿ ಗಾಳಿಯ ಒತ್ತಡ 145 ಮಿಲಿಬಾರ್ ಏರುವುದೆಂದು; ನಿಜವಾಗಿ ಅಂದು ಒತ್ತಡ ಹೆಚ್ಚು ಕಡಿಮೆ ಇದ್ದಲ್ಲಿಯೇ ಇತ್ತು. ಲೆಕ್ಕದ ಕ್ರಮದಲ್ಲಿ ತಪ್ಪಿರಲಿಲ್ಲ. ಆರಂಭದ ಶಿಲ್ಕಿನ ಅಂಕಿಗಳೇ ಒಂದಕ್ಕೊಂದು ಹೊಂದಿರಲಿಲ್ಲ. ಬರೆದವನು ಎಷ್ಟೇ ಜಾಣನಾಗಿರಲಿ, ತಂದು ಬರೆದ ಅಂಕಿ ಸರಿಯಿಲ್ಲದಿದ್ದರೆ ಆಖೈರಿನ ಅಂಕಿಯೂ ಸರಿಯಿರುವುದಿಲ್ಲ. ಧವನರ ಪ್ರಯೋಗಶಾಲೆಯ ಬೆಲೆ ತಿಳಿಯುವುದು ಇಲ್ಲಿಯೇ.

1950ರ ದಶಕದಲ್ಲಿ ಧವನರ ಬಳಿಗೆ ರೊದ್ದಂ ನರಸಿಂಹ ಎಂಬ ಬೆಂಗಳೂರಿನ ತರುಣ ಶಿಷ್ಯನಾಗಿ ಬಂದರು. ಕನ್ನಡದಲ್ಲಿ ವಿಜ್ಞಾನ ಬರೆದು ಹೆಸರಾದ ಆರ್. ಎಲ್. ನರಸಿಂಹಯ್ಯನವರ ಮಗ ಅವರು. ಗುರುಶಿಷ್ಯರು ಹಿಡಿದ ಪ್ರಶ್ನೆ ಇದು: ನುಣುಪಾದ ಹಲಗೆಯ ಮೇಲೆ ಗಾಳಿ ಮೊದಲು ಶಾಂತವಾಗಿ ಹರಿಯುತ್ತದೆ, ಮುಂದೆ ಎಲ್ಲಿಯೋ ಕದಡಿಹೋಗುತ್ತದೆ, ಈ ಬದಲಾವಣೆ ಹೇಗೆ ಆಗುತ್ತದೆ? ಒಣಗಿದ ಅಂಗಳದ ಮೇಲೆ ಮಳೆಯ ಮೊದಲ ಹನಿಗಳು ಬೀಳುವುದನ್ನು ನೆನೆದುಕೊಳ್ಳಿ. ಅಲ್ಲೊಂದು ಇಲ್ಲೊಂದು ಒದ್ದೆಯ ಮಚ್ಚೆ. ಅವು ಹರಡಿ ಕೂಡಿಕೊಂಡು ಕಡೆಗೆ ಅಂಗಳವೆಲ್ಲ ಒದ್ದೆ. ಗಾಳಿಯಲ್ಲಿಯೂ ಹಾಗೆಯೇ ಕದಡಿನ ಮಚ್ಚೆಗಳು ಹುಟ್ಟಿ, ಹರಡುತ್ತ ಸಾಗಿ, ಒಂದಾಗುತ್ತವೆ. ಒಂದು ಜಾಗದಲ್ಲಿ ನಿಂತು ನೋಡಿದರೆ ನೂರು ಕ್ಷಣಗಳಲ್ಲಿ ಎಷ್ಟು ಕ್ಷಣ ಗಾಳಿ ಕದಡಿರುತ್ತದೆ ಎಂಬುದನ್ನು ಅವರು ಅಳೆದರು. ಆ ಮಚ್ಚೆಗಳು ಹಲಗೆಯ ಉದ್ದಕ್ಕೂ ಚದರಿ ಹುಟ್ಟುವುದಿಲ್ಲ, ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿ ಹುಟ್ಟುತ್ತವೆ ಎಂದು ಭಾವಿಸಿದರೆ ಅಳತೆಗಳೆಲ್ಲ ಒಂದೇ ಸರಳ ಸೂತ್ರಕ್ಕೆ ಹೊಂದುತ್ತವೆಂದು ಕಂಡುಕೊಂಡರು. 1958ರಲ್ಲಿ ಇದು ಇಂಗ್ಲೆಂಡಿನ ದೊಡ್ಡ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಆ ಸೂತ್ರದ ಆಯುಷ್ಯ ದೊಡ್ಡದು. ವಿಮಾನದ ಎಂಜಿನ್ನಿನೊಳಗಿನ ಚಕ್ರದ ರೆಕ್ಕೆಗಳ ಮೇಲೆ ಗಾಳಿ ಹರಿಯುವುದನ್ನು ಗಣಕಯಂತ್ರದಿಂದ ಲೆಕ್ಕ ಹಾಕುವಾಗ, ಶಾಂತ ಗಾಳಿ ಎಲ್ಲಿ ಎಷ್ಟರಮಟ್ಟಿಗೆ ಕದಡಿತೆಂದು ಯಂತ್ರಕ್ಕೆ ಹೇಳಿಕೊಡಬೇಕಾಗುತ್ತದೆ. ಹಾಗೆ ಹೇಳಿಕೊಡಲು ಲೋಕದ ಎಂಜಿನಿಯರುಗಳು ಬಳಸಿಕೊಂಡು ಬಂದ ಸೂತ್ರಗಳಲ್ಲಿ ಧವನ ಮತ್ತು ನರಸಿಂಹರ ಹೆಸರಿನದೂ ಒಂದು. ಗಣಕಯಂತ್ರ ಬೆಂಗಳೂರಿನಲ್ಲಿ ಕಾಲಿಡುವ ಮೊದಲೇ, ಗಾಳಿಯ ಮುಂದೆ ತಾಳ್ಮೆಯಿಂದ ನಿಂತು ಬರೆದುಕೊಂಡ ಅಂಕಿಗಳು ಹೀಗೆ ಗಣಕಯಂತ್ರದ ಹೊಟ್ಟೆಯನ್ನು ಹೊಕ್ಕುವು.

1962ರಲ್ಲಿ ಧವನರು ಇಡೀ ಸಂಸ್ಥೆಯ ನಿರ್ದೇಶಕರಾದರು. ಆಗ ಅವರ ವಯಸ್ಸು ನಾಲ್ವತ್ತೆರಡು ಮಾತ್ರ. 1981ರವರೆಗೆ, ಬೇರೆ ಯಾರೂ ಇರದಷ್ಟು ಕಾಲ, ಅವರು ಆ ಪೀಠದಲ್ಲಿದ್ದರು. ಅವರ ಕಾಲದಲ್ಲಿ 1970ರ ಸುಮಾರಿಗೆ ಸಂಸ್ಥೆಗೆ ದೊಡ್ಡ ಗಣಕಯಂತ್ರ ಬಂದಿತು. ಹೊಸ ಹೊಸ ಶಾಖೆಗಳು ತೆರೆದುವು. ಆಕಾಶದ ಕಡೆಗೆ ಕಣ್ಣಿಟ್ಟವರು ನೆಲವನ್ನು ಮರೆಯಲಿಲ್ಲ. ಹಳ್ಳಿಗರ ಒಲೆ, ಮನೆ, ನೀರುಗಳ ಸಲುವಾಗಿ ವಿಜ್ಞಾನವನ್ನು ತಿರುಗಿಸುವ ಅಸ್ತ್ರ ಎಂಬ ಕೇಂದ್ರವನ್ನು 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಲು ನಿಂತಾಗ ನಿರ್ದೇಶಕರ ಬೆಂಬಲ ಅವರಿಗೆ ದೊರೆಯಿತು. ತುಮಕೂರು ಜಿಲ್ಲೆಯ ಉಂಗ್ರ ಎಂಬ ಹಳ್ಳಿಯಲ್ಲಿ ಆ ಕೆಲಸ ಬೇರೂರಿತು.

1971ರ ಡಿಸೆಂಬರಿನಲ್ಲಿ ವಿಕ್ರಮ ಸಾರಾಭಾಯಿಯವರು ಅಕಾಲದಲ್ಲಿ ತೀರಿಕೊಂಡರು. ಧವನರು ಆಗ ಒಂದು ವರ್ಷದ ರಜೆಯ ಮೇಲೆ ಕ್ಯಾಲ್ಟೆಕ್ಕಿನಲ್ಲಿದ್ದರು. ದೇಶದ ಬಾಹ್ಯಾಕಾಶ ಕಾರ್ಯದ ಹೊಣೆ ಹೊರಬೇಕೆಂದು ಪ್ರಧಾನಿ ಇಂದಿರಾ ಗಾಂಧಿಯವರು ಕೇಳಿದರು. ಧವನರು ಎರಡು ಷರತ್ತುಗಳನ್ನಿಟ್ಟರು. ಕಾರ್ಯಾಲಯ ಬೆಂಗಳೂರಿನಲ್ಲಿರಬೇಕು, ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು. ಎರಡಕ್ಕೂ ಒಪ್ಪಿಗೆ ದೊರೆಯಿತು. ಕೇಳಬಹುದಾಗಿದ್ದ ಸಮಯದಲ್ಲಿ ಅವರು ಕೇಳಿದುದು ಸಂಬಳವನ್ನಲ್ಲ, ಬಂಗಲೆಯನ್ನಲ್ಲ; ಬೆಂಗಳೂರನ್ನು. ಇಂದು ಚಂದ್ರಯಾನದ ಸುದ್ದಿ ಬಂದಾಗಲೆಲ್ಲ ಬೆಂಗಳೂರಿನ ಹೆಸರು ಲೋಕದ ಕಿವಿಗೆ ಬೀಳುವುದಕ್ಕೆ ಈ ಷರತ್ತೂ ಒಂದು ಕಾರಣ.

ಆಮೇಲಿನ ಕೆಲಸ ಎಲ್ಲರಿಗೂ ತಿಳಿದುದೇ. ಉಡುಪಿಯ ಕಡೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ತಯಾರಾಗಿ 1975ರ ಏಪ್ರಿಲ್ 19ರಂದು ಸೋವಿಯೆತ್ ದೇಶದಿಂದ ಮೇಲೇರಿತು. ಅದೇ ವರ್ಷ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ಮೂಲಕ ದೇಶದ 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳು ಬಂದುವು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಆ ಪಟ್ಟಿಯಲ್ಲಿದ್ದುವು. ಠಾಣೆಯಲ್ಲಿ ನೆಲೆಸಿರುವ ನಮ್ಮ ಆ ಕಡೆಯ ಬಂಧುಗಳಲ್ಲಿ ಕೆಲವರ ಹಿರಿಯರು ಮೊದಲ ಬಾರಿಗೆ ಟೆಲಿವಿಷನ್ ಕಂಡುದು ಆಗಲೇ ಇದ್ದೀತು.

ಈಗ ಹೊಣೆಯ ಮಾತಿಗೆ ಬರೋಣ. ನಮ್ಮದೇ ರಾಕೆಟ್ಟಿನಿಂದ ನಮ್ಮದೇ ಉಪಗ್ರಹವನ್ನು ಏರಿಸಬೇಕೆಂದು ಎಸ್.ಎಲ್.ವಿ.-3 ಸಿದ್ಧವಾಯಿತು. ಎತ್ತರ 22 ಮೀಟರು, ತೂಕ 17 ಟನ್ನು. ಯೋಜನೆಯ ನಿರ್ದೇಶಕರು ಎ. ಪಿ. ಜೆ. ಅಬ್ದುಲ್ ಕಲಾಂ ಅವರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಅದು ಮೇಲೆದ್ದಿತು. ಎರಡನೆಯ ಹಂತವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯಲ್ಲಿ ಆಮ್ಲ ಸೋರಿಹೋಗಿತ್ತು. ಸುಮಾರು ಐದು ನಿಮಿಷಗಳಲ್ಲಿ ವರ್ಷಗಳ ದುಡಿಮೆ ಬಂಗಾಳ ಕೊಲ್ಲಿಯ ಪಾಲಾಯಿತು. ಪತ್ರಿಕೆಗಳವರು ಕಾದಿದ್ದರು. ಬಡದೇಶದ ಹಣವನ್ನು ಸಮುದ್ರಕ್ಕೆ ಸುರಿದವರು ಯಾರೆಂದು ಕೇಳುವುದು ಅವರ ಧರ್ಮ. ಧವನರು ಕಲಾಂ ಅವರನ್ನು ಮುಂದೆ ಬಿಡದೆ ತಾವೇ ಹೋಗಿ ಕುಳಿತರು. ಸೋಲನ್ನು ತಮ್ಮ ಹೆಸರಿನಲ್ಲಿ ಬರೆದುಕೊಂಡರು. ತಮ್ಮ ಜನರ ಮೇಲೆ ತಮಗೆ ಪೂರ್ಣ ನಂಬಿಕೆಯಿದೆಯೆಂದು ತಿಳಿಸಿದರು. ಮರುವರ್ಷ, 1980ರ ಜುಲೈ 18ರಂದು, ಎಸ್.ಎಲ್.ವಿ.-3 ಮತ್ತೆ ಏರಿ 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಯಲ್ಲಿರಿಸಿತು. ಆ ದಿನ ಧವನರು ಪತ್ರಿಕೆಗಳವರನ್ನು ಎದುರುಗೊಳ್ಳಲು ಕಳುಹಿಸಿದುದು ಕಲಾಂ ಅವರನ್ನು. ನಷ್ಟ ಯಜಮಾನನ ಖಾತೆಗೆ, ಲಾಭ ದುಡಿದವರ ಖಾತೆಗೆ. ಇದಕ್ಕೆ ಉಲ್ಟಾ ಪದ್ಧತಿಯನ್ನು ಕಾಣದ ನೌಕರನು ಈ ಊರಿನಲ್ಲಿ ಇದ್ದರೆ ಅವನು ಪುಣ್ಯವಂತನೇ ಸರಿ.

1981ರಲ್ಲಿ ವಿಜ್ಞಾನ ಸಂಸ್ಥೆಯಿಂದಲೂ, 1984ರಲ್ಲಿ ಬಾಹ್ಯಾಕಾಶ ಇಲಾಖೆಯಿಂದಲೂ ಧವನರು ನಿವೃತ್ತರಾದರು. 1981ರಲ್ಲಿಯೇ ಪದ್ಮವಿಭೂಷಣ ಬಂದಿತು. ಅವರು ನೆಟ್ಟ ಗಿಡ ಅಷ್ಟರಲ್ಲಿ ಮರವಾಗಿತ್ತು. ಶಿಷ್ಯ ನರಸಿಂಹ 1984ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯ ಮುಖ್ಯಸ್ಥರಾದರು. ಅವರ ಕಾಲದಲ್ಲಿ, 1986ರಲ್ಲಿ, ಗಾಳಿಯ ಲೆಕ್ಕ ಹಾಕುವುದಕ್ಕೆಂದೇ ಫ್ಲೋಸಾಲ್ವರ್ ಎಂಬ ಗಣಕಯಂತ್ರವನ್ನು ಅಲ್ಲಿ ಕಟ್ಟಿದರು. ಒಬ್ಬ ಗುಮಾಸ್ತನ ಬದಲು ಹಲವರು ಒಂದೇ ಲೆಕ್ಕವನ್ನು ಹಂಚಿಕೊಂಡು ಬರೆದಂತೆ, ಹಲವು ಯಂತ್ರಗಳು ಕೂಡಿ ದುಡಿಯುವ ಕ್ರಮದ್ದು ಅದು. ಭಾರತದಲ್ಲಿ ಆ ಬಗೆಯದು ಮೊದಲನೆಯದು. ಅದೇ ದಶಕದಲ್ಲಿ ಧವನರ ಹಳೆಯ ಶಾಖೆಯಲ್ಲಿಯೇ ಸುರೇಶ ದೇಶಪಾಂಡೆಯವರು, ಗಾಳಿಯ ಅಣುಗಳು ಎತ್ತ ಹಾರುತ್ತವೆಂಬುದನ್ನೇ ಆಧಾರವಾಗಿಟ್ಟುಕೊಂಡು ಮನೆಯಿಂದ ಮನೆಗೆ ಹೋಗುವ ಗಾಳಿಯನ್ನು ಲೆಕ್ಕ ಹಾಕುವ ಹೊಸ ವಿಧಾನವನ್ನು ರೂಪಿಸಿದರು. ಪರದೇಶದ ವಿದ್ವಾಂಸರೂ ಅದನ್ನು ಕೈಗೆತ್ತಿಕೊಂಡರು. ಹೀಗೆ ಅಳೆಯುವವರ ಮನೆಯಲ್ಲಿಯೇ ಲೆಕ್ಕ ಹಾಕುವವರೂ ಹುಟ್ಟಿ ಬೆಳೆದರು.

ವಿಶ್ರಾಂತಿಯ ದಿನಗಳಲ್ಲಿ ಧವನರು ಗಾಳಿಯನ್ನು ಬಿಡಲಿಲ್ಲ. ಶ್ರೀಹರಿಕೋಟೆಯ ಪಕ್ಕದ ಪುಲಿಕಾಟ್ ಸರೋವರಕ್ಕೆ ಬರುವ ಹಕ್ಕಿಗಳ ಮೇಲೆ ಅವರಿಗೆ ಬಹಳ ಪ್ರೀತಿ. ಹಕ್ಕಿ ಹೇಗೆ ಹಾರುತ್ತದೆಂಬುದನ್ನು ಕುರಿತು 1991ರಲ್ಲಿ ಒಂದು ಪ್ರಬಂಧವನ್ನೇ ಪ್ರಕಟಿಸಿದರು. ಪುಲಿಕಾಟಿಗೆ ಬರುವ ಫ್ಲೆಮಿಂಗೊ ಹಕ್ಕಿಗಳ ಬಳಗದವು ನಮ್ಮ ಠಾಣೆ ಖಾರಿಗೂ ಬರುತ್ತವೆ. ಅವನ್ನು ನೋಡಲು ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಈ ಮುದುಕರ ಕಥೆಯನ್ನೂ ಒಂದಿಷ್ಟು ಹೇಳಿದರೆ ಒಳ್ಳೆಯದು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ಧವನರು ತೀರಿಕೊಂಡರು. ಅದೇ ವರ್ಷ ಶ್ರೀಹರಿಕೋಟೆಯ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು.

ನಮ್ಮ ಸಂಘದ ಮನೆಗಳ ತರುಣರಲ್ಲಿ ಅನೇಕರು ಇಂದು ಗಣಕಯಂತ್ರದ ಮುಂದೆ ಕುಳಿತು ಅನ್ನ ಸಂಪಾದಿಸುತ್ತಾರೆ. ಬ್ಯಾಂಕಿನ ಲೆಡ್ಜರೂ ಈಗ ಅದರೊಳಗೆಯೇ ಇದೆ. ಪರದೆಯ ಮೇಲೆ ಬಣ್ಣಬಣ್ಣದಲ್ಲಿ ಮೂಡಿತೆಂಬ ಮಾತ್ರಕ್ಕೆ ಅಂಕಿ ನಿಜವಾಗದು. ಗಾಳಿಯೊಡನೆ, ನೀರಿನೊಡನೆ, ಕೈಯಲ್ಲಿರುವ ಹಣದೊಡನೆ ಅದು ತಾಳೆಯಾಗಬೇಕು. ತಾಳೆಯಾಗದ ದಿನ ಕೈಕೆಳಗಿನವನ ಕಡೆಗೆ ಬೆರಳು ತೋರದಿರುವ ಹಿರಿಯನೂ ಬೇಕು. ಧವನರ ಬಾಳಿನಿಂದ ತರುಣರು ಕಲಿಯಬೇಕಾದ ಪಾಠಗಳು ಇವು.

ಹಿರಿಯರಾದ ನಾವು ಕಲಿಯಬೇಕಾದುದೂ ಒಂದಿದೆ. ಬಂದವರು ಯಾರು, ಇದ್ದವರು ಯಾರು ಎಂಬ ಮಾತು ಬೆಂಗಳೂರಿನಲ್ಲಿಯೂ ಏಳುತ್ತದೆ, ಇಲ್ಲಿಯೂ ಏಳುತ್ತದೆ. ಧವನರ ಖಾತೆಯನ್ನು ತೆಗೆದು ನೋಡಿದರೆ ಎರಡು ಪಕ್ಕವೂ ಸಮನಾಗಿ ಕಾಣುತ್ತದೆ. ಊರು ಕಳೆದುಕೊಂಡ ಒಬ್ಬನಿಗೆ ಕನ್ನಡನೆಲ ಎಡೆ ಕೊಟ್ಟಿತು, ಕೆಲಸ ಕೊಟ್ಟಿತು, ಶಿಷ್ಯರನ್ನು ಕೊಟ್ಟಿತು. ಅವರು ಐವತ್ತು ವರ್ಷ ದುಡಿದು ಆ ನೆಲಕ್ಕೆ ಹೆಸರು ಕೊಟ್ಟರು. ಠಾಣೆಯ ನೆಲವೂ ನಮಗೆ ಎಡೆ ಕೊಟ್ಟಿದೆ. ನಮ್ಮ ಖಾತೆಯ ಇನ್ನೊಂದು ಪಕ್ಕದಲ್ಲಿ ಏನು ಬರೆದಿದೆಯೆಂದು ಈ ರಾಜ್ಯೋತ್ಸವದ ದಿನ ಪ್ರತಿಯೊಬ್ಬರೂ ಒಮ್ಮೆ ತೆಗೆದು ನೋಡಿಕೊಳ್ಳುವುದು ಒಳ್ಳೆಯದು.